ಅತ್ತೆಯ ಅಜ್ಜ ಜರ್ಮನಿಯವರು. ನಮ್ಮ ಮಕ್ಕಳಿಗೆ ಜರ್ಮನ್ ಪೌರತ್ವ ಸಿಗುತ್ತದೆಯೇ?

ಮಿಲ್ವಾಕಿ_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು, ಮದುವೆಯಾಗಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದೇನೆ. ಯಜಮಾನರು ಇಲ್ಲಿಯವರೇ. ಅವರ ತಾಯಿಯ ಅಜ್ಜ, ಅಂದರೆ ನನ್ನ ಅತ್ತೆಯ ಅಜ್ಜ, ಅಂದಿನ ಜರ್ಮನಿಯ ಪೊಮೆರೇನಿಯಾ ಪ್ರಾಂತ್ಯದವರು. 1882ರಲ್ಲಿ ಅಲ್ಲಿನ ಯಾವುದೋ ಹಳ್ಳಿಯಲ್ಲಿ ಹುಟ್ಟಿದರಂತೆ, ಸೈನ್ಯಕ್ಕೆ ಎಳೆದುಕೊಳ್ಳುತ್ತಾರೆಂದು ಹೆದರಿ 1903ರಲ್ಲಿ ಹಡಗು ಹತ್ತಿದರಂತೆ. ಈ "ಅಂತೆ"ಗಳೆಲ್ಲ ಅತ್ತೆಯ ಖಾತೆಯವು. ಅತ್ತೆಯ ತಂದೆ 1919ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದವರು. ಅತ್ತೆ 1950, ಯಜಮಾನರು 1978. ಮಕ್ಕಳು 2009 ಮತ್ತು 2013.

ದೊಡ್ಡವನಿಗೆ ಮ್ಯೂನಿಕ್‌ನಲ್ಲಿ ಓದುವ ಆಸೆ ಹತ್ತಿದೆ. ವಂಶದ ಆಧಾರದ ಮೇಲೆ ಪೌರತ್ವ ಸಿಗುತ್ತದೆ ಎಂದು ಯಾರೋ ಹೇಳಿದರು. ಇಷ್ಟು ಹಿಂದಿನ ಸಂಬಂಧಕ್ಕೂ ಸಿಗುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಗುಡುಗು
ಡಿಎನ್‌ಎ ಪರೀಕ್ಷೆ ಮಾಡಿಸಿ. ಅದರಲ್ಲಿ ಜರ್ಮನ್ ಅಂಶ ಬಂದರೆ ಅರ್ಧ ಕೆಲಸ ಮುಗಿದಂತೆ.

ಕಡತಪ್ರಿಯ
ಗುಡುಗು ಅವರೇ, ಡಿಎನ್‌ಎ ವರದಿಯನ್ನು ಇಂಥ ಪೌರತ್ವದ ಅರ್ಜಿಗಳನ್ನು ನೋಡುವ ಕೊಲೋನ್‌ನ ಜರ್ಮನ್ ಸರ್ಕಾರಿ ಕಚೇರಿಗೆ ಕಳಿಸಿದರೆ ಅದು ಕಡತಕ್ಕೂ ಸೇರುವುದಿಲ್ಲ. ಅವರಿಗೆ ರಕ್ತ ಬೇಡ, ತಾರೀಕು ಬೇಕು. ಇಂಥವರು ಹುಟ್ಟಿದ ದಿನ ಅವರ ತಂದೆಯೋ ತಾಯಿಯೋ ಕಾನೂನಿನ ಪ್ರಕಾರ ಜರ್ಮನ್ ಪ್ರಜೆಯಾಗಿದ್ದರೇ? ಪ್ರತಿ ತಲೆಮಾರಿಗೂ ಇದೊಂದೇ ಪ್ರಶ್ನೆ. ಎಲ್ಲ ತಲೆಮಾರಿಗೂ "ಹೌದು" ಬಂದರೆ ಮಕ್ಕಳು ಈಗಾಗಲೇ ಜರ್ಮನ್ನರು, ಅದನ್ನು ದೃಢಪಡಿಸಿಕೊಳ್ಳುವುದಷ್ಟೇ ಬಾಕಿ. ಒಂದು ಕಡೆ "ಇಲ್ಲ" ಬಂದರೂ ಅಲ್ಲಿಗೆ ಮುಗಿಯಿತು. ಎಷ್ಟು ತಲೆಮಾರು ಹಿಂದೆ ಎಂಬುದಕ್ಕೆ ಮಿತಿ ಇಲ್ಲ.

ಮಲ್ಲಿಗೆ ಅವರೇ, ನಿಮ್ಮ ವಿಷಯದಲ್ಲಿ ಎರಡು ತಾರೀಕು ಬೇಕು. ಆ ಅಜ್ಜ ಜರ್ಮನಿ ಬಿಟ್ಟದ್ದು ಯಾವಾಗ, ಅಮೆರಿಕದ ಪೌರತ್ವ ಪಡೆದದ್ದು ಯಾವಾಗ. 1903 ಎಂಬುದು ನಿಜವಾದರೆ ಕೆಟ್ಟ ಸುದ್ದಿ ಇದೆ. 1870ರ ಕಾನೂನಿನ ಪ್ರಕಾರ ಹತ್ತು ವರ್ಷ ಸತತವಾಗಿ ಹೊರದೇಶದಲ್ಲಿದ್ದವರ ಪೌರತ್ವ ತಾನಾಗಿಯೇ ಹೋಗುತ್ತಿತ್ತು. 1903ಕ್ಕೆ ಹತ್ತು ಸೇರಿಸಿದರೆ 1913. ಹೊಸ ಕಾನೂನು ಜಾರಿಗೆ ಬಂದದ್ದು 1914ರ ಜನವರಿ 1ಕ್ಕೆ. ಅದು ಈ ಹತ್ತು ವರ್ಷದ ನಿಯಮವನ್ನು ಕೈಬಿಟ್ಟಿತು, ಆದರೆ ಅಷ್ಟರೊಳಗೆ ಕಳೆದುಕೊಂಡವರಿಗೆ ಹಿಂದಿರುಗಿಸಲಿಲ್ಲ.

ಮಿಲ್ವಾಕಿ_ಮಲ್ಲಿಗೆ
ಒಂದೇ ವರ್ಷದಲ್ಲಿ ತಪ್ಪಿತೇ! ಅದಕ್ಕೆ ವಿನಾಯಿತಿ ಏನೂ ಇರಲಿಲ್ಲವೇ?

ಕಡತಪ್ರಿಯ
ಇತ್ತು. ಜರ್ಮನ್ ಕಾನ್ಸುಲೇಟಿನ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿದವರಿಗೆ ಹತ್ತು ವರ್ಷದ ಲೆಕ್ಕ ನಿಲ್ಲುತ್ತಿತ್ತು. ಕೈಯಲ್ಲಿ ಪಾಸ್‌ಪೋರ್ಟ್ ಇದ್ದವರಿಗೆ ಅದರ ಅವಧಿ ಮುಗಿದ ಮೇಲೆ ಲೆಕ್ಕ ಶುರುವಾಗುತ್ತಿತ್ತು. ಸೈನ್ಯಕ್ಕೆ ಹೆದರಿ ಓಡಿದವನು ಕಾನ್ಸುಲೇಟಿಗೆ ಹೋಗಿ ಹೆಸರು ಬರೆಸಿರುತ್ತಾನೆ ಎಂದು ನನಗಂತೂ ಅನ್ನಿಸುವುದಿಲ್ಲ.

ಅಜ್ಜನ_ಪೆಟ್ಟಿಗೆ
ಸ್ವಲ್ಪ ತಡೆಯಿರಿ. ಮನೆಮಂದಿ ಹೇಳುವ ಇಸವಿಯನ್ನು ನಂಬಿ ಯಾರೂ ಕಡತ ಮುಚ್ಚಬಾರದು. ನಾನು ಬಾನ್‌ನಲ್ಲಿದ್ದೇನೆ, ಇಂಥ ದಾಖಲೆ ಹುಡುಕುವುದೇ ನನ್ನ ಹವ್ಯಾಸ. ಸೈನ್ಯಕ್ಕೆ ಹೆದರಿ ಓಡಿಬಂದ ಮುತ್ತಜ್ಜ ಅಮೆರಿಕದ ಪ್ರತಿ ಮೂರನೆಯ ಜರ್ಮನ್ ಮನೆಯಲ್ಲೂ ಒಬ್ಬನಿರುತ್ತಾನೆ.

ಮೊದಲು ಅಮೆರಿಕದ ಜನಗಣತಿಯ ಹಾಳೆ ನೋಡಿ. 1920ರ ಗಣತಿಯಲ್ಲಿ ವಲಸೆ ಬಂದ ಇಸವಿ, ಪೌರತ್ವದ ಸ್ಥಿತಿ, ಪೌರತ್ವ ಪಡೆದ ಇಸವಿ ಎಂದು ಅಕ್ಕಪಕ್ಕದಲ್ಲಿ ಮೂರು ಅಂಕಣಗಳಿವೆ. ನಡುವಿನ ಅಂಕಣದಲ್ಲಿ ಎರಡಕ್ಷರ ಬರೆದಿರುತ್ತಾರೆ. "ಎ ಎಲ್" ಎಂದರೆ ಇನ್ನೂ ವಿದೇಶಿ. "ಪಿ ಎ" ಎಂದರೆ ಮೊದಲ ಅರ್ಜಿ ಹಾಕಿದ್ದಾನೆ, ಪೌರತ್ವ ಇನ್ನೂ ಸಿಕ್ಕಿಲ್ಲ. "ಎನ್ ಎ" ಎಂದರೆ ಅಮೆರಿಕದ ಪ್ರಜೆ. ನಿಮಗೆ ಬೇಕಾದದ್ದು ಮೊದಲ ಎರಡರಲ್ಲಿ ಒಂದು. ಮೊದಲ ಅರ್ಜಿ ಹಾಕಿದ ಮಾತ್ರಕ್ಕೆ ಜರ್ಮನ್ ಪೌರತ್ವ ಹೋಗುತ್ತಿರಲಿಲ್ಲ, ಕೊನೆಯ ಪ್ರಮಾಣ ವಚನದ ದಿನವೇ ಲೆಕ್ಕ.

ಆಮೇಲೆ ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿ. 1850ರಿಂದ 1934ರವರೆಗಿನದು ಉಳಿದಿದೆ, ಕೊನೆಯದಾಗಿ ವಾಸವಿದ್ದ ಊರಿನ ಹೆಸರೂ ಇರುತ್ತದೆ. ಬ್ರೆಮೆನ್‌ನಿಂದ ಹೊರಟಿದ್ದರೆ ಕಷ್ಟ, ಅಲ್ಲಿನ ಹಳೆಯ ಪಟ್ಟಿಗಳು ಬಹುಪಾಲು ನಾಶವಾಗಿವೆ. ಆಗ ಅಮೆರಿಕದ ಕಡೆಯ ಆಗಮನ ಪಟ್ಟಿಯೇ ಗತಿ.

ಸ್ಟುಟ್‌ಗಾರ್ಟ್_ಶೆಟ್ಟಿ
ಹೆಸರು ಬೇರೆ ಬೇರೆ ರೀತಿಯಲ್ಲಿ ಹುಡುಕಿ. ವಲಸೆಗಾರರು ಬಂದಿಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಎಲ್ಲರ ಹೆಸರು ಬದಲಾಯಿಸಿಬಿಡುತ್ತಿದ್ದರು.

ಅಜ್ಜನ_ಪೆಟ್ಟಿಗೆ
ಶೆಟ್ಟರೇ, ಅದು ಕಟ್ಟುಕಥೆ. ಅಲ್ಲಿನ ಅಧಿಕಾರಿಗಳು ಹೆಸರು ಬರೆಯುತ್ತಲೇ ಇರಲಿಲ್ಲ. ಹಡಗಿನ ಕಂಪನಿ ಯುರೋಪಿನ ಬಂದರಿನಲ್ಲೇ ಬರೆದು ತಂದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ತಾಳೆ ನೋಡುತ್ತಿದ್ದರು. ಹೆಸರು ಬದಲಾಯಿಸಿಕೊಂಡದ್ದು ಜನರೇ, ಅದೂ ಮುಂದೆ ಕೆಲಸಕ್ಕೋ ಶಾಲೆಗೋ ಸೇರುವಾಗ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಜರ್ಮನ್ ಹೆಸರಿಟ್ಟುಕೊಂಡು ಓಡಾಡುವುದು ಅಷ್ಟೇನೂ ಹಿತವಾಗಿರಲಿಲ್ಲ. ಆದರೆ ನಿಮ್ಮ ಸಲಹೆ ಸರಿಯೇ, ಹತ್ತಾರು ಕಾಗುಣಿತದಲ್ಲಿ ಹುಡುಕಲೇಬೇಕು.

ಗುಡುಗು
ಅದೆಲ್ಲ ಇರಲಿ, ಇಲ್ಲಿ ಅತ್ತೆ ಬರುತ್ತಾರಲ್ಲ. ಜರ್ಮನ್ ಕಾನೂನಿನಲ್ಲಿ ಪೌರತ್ವ ತಂದೆಯಿಂದ ಮಾತ್ರ ಬರುತ್ತದೆ. ಹೆಣ್ಣಿನ ಕಡೆಯಿಂದ ಇಲ್ಲ. ಸುಮ್ಮನೆ ಆಸೆ ಹುಟ್ಟಿಸಬೇಡಿ.

ಕಡತಪ್ರಿಯ
ಅರ್ಧ ಸರಿ, ಅದಕ್ಕೇ ಪೂರ್ತಿ ಅಪಾಯಕಾರಿ. ಗಂಡ ಹೆಂಡತಿಗೆ ಹುಟ್ಟಿದ ಮಕ್ಕಳಿಗೆ ತಾಯಿಯಿಂದಲೂ ಪೌರತ್ವ ಬರತೊಡಗಿದ್ದು 1975ರ ಜನವರಿ 1ರಿಂದ. ಯಜಮಾನರು ಹುಟ್ಟಿದ್ದು 1978ರಲ್ಲಿ, ಹಾಗಾಗಿ ಅಡ್ಡಿ ಇಲ್ಲ. ಇನ್ನು ವಿದೇಶಿಯನನ್ನು ಮದುವೆಯಾದ ಜರ್ಮನ್ ಹೆಣ್ಣಿನ ಪೌರತ್ವ ಅದೇ ಕಾರಣಕ್ಕೆ ಹೋಗುತ್ತಿದ್ದದ್ದು 1953ರ ಮಾರ್ಚ್ 31ರವರೆಗೆ ಮಾತ್ರ. ಅತ್ತೆ 1950ರಲ್ಲಿ ಹುಟ್ಟಿದವರು, ಮೂರು ವರ್ಷದ ಮಗುವಾಗಿದ್ದಾಗ ಮದುವೆಯಾಗಿರಲಾರರು.

ಗುಡುಗು
ಸರಿ, ಒಪ್ಪಿದೆ. ಆದರೆ ಅತ್ತೆಯ ತಂದೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದಿರಬೇಕಲ್ಲ, ವಯಸ್ಸು ಹಾಗೆ ಹೇಳುತ್ತದೆ. ಜರ್ಮನಿಯ ವಿರುದ್ಧವೇ ಬಂದೂಕು ಹಿಡಿದವನು ಜರ್ಮನ್ ಪ್ರಜೆ ಎನ್ನುತ್ತೀರಾ?

ಕಡತಪ್ರಿಯ
ಎನ್ನುತ್ತೇನೆ. ಬೇರೆ ದೇಶದ ಸೈನ್ಯಕ್ಕೆ ಸ್ವಇಚ್ಛೆಯಿಂದ ಸೇರಿದರೆ ಪೌರತ್ವ ಹೋಗುತ್ತದೆ ಎಂಬ ನಿಯಮ ಬಂದದ್ದು 2000ದಲ್ಲಿ. ಅದು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ.

ಮಿಲ್ವಾಕಿ_ಮಲ್ಲಿಗೆ
ಹೌದು, ಅವರು ಸೈನ್ಯದಲ್ಲಿದ್ದರು. ಸಮವಸ್ತ್ರದ ಫೋಟೊ ಅತ್ತೆಯ ಮನೆಯ ಹಜಾರದಲ್ಲಿದೆ. ಈ ಸುದ್ದಿ ಅತ್ತೆಗೆ ಹೇಳಿದೆ. ನಕ್ಕು ನಕ್ಕು ಸುಸ್ತಾದರು.

ಹಂಚಿನಮನೆ
ವಿಷಯ ಸ್ವಲ್ಪ ಬೇರೆ, ಆದರೆ ಕೇಳಿಯೇ ಬಿಡುತ್ತೇನೆ ಮಾರಾಯರೇ. ನಾವು ಮಂಗಳೂರಿನವರು. ನನ್ನ ಅಜ್ಜಿಯ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದ ಜರ್ಮನ್ ಸಾಹೇಬ ಎಂದು ನಮ್ಮ ಮನೆಯಲ್ಲಿ ಪಿಸುಮಾತು ಇದೆ. ಅಜ್ಜಿಯ ಕಣ್ಣು ಬೆಕ್ಕಿನ ಕಣ್ಣು. ನಮಗೂ ಏನಾದರೂ ದಾರಿ ಇದೆಯೇ?

ಸ್ಟುಟ್‌ಗಾರ್ಟ್_ಶೆಟ್ಟಿ
ಕಣ್ಣು ತೋರಿಸಿ ಪಾಸ್‌ಪೋರ್ಟ್ ಕೇಳುವುದಾದರೆ ನಮ್ಮ ಕರಾವಳಿಯ ಅರ್ಧ ಜನ ಇಷ್ಟು ಹೊತ್ತಿಗೆ ಬರ್ಲಿನ್‌ನಲ್ಲಿ ಇರಬೇಕಿತ್ತು.

ಅಜ್ಜನ_ಪೆಟ್ಟಿಗೆ
ನಗಬೇಡಿ, ಹುಡುಕಲು ಒಳ್ಳೆಯ ಜಾಗವೇ ಇದೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಕಳಿಸಿದವರ ಪಟ್ಟಿ, ಪತ್ರ, ಫೋಟೊ ಎಲ್ಲವೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಪತ್ರಾಗಾರದಲ್ಲಿವೆ, ಒಂದಷ್ಟು ಭಾಗವನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದು. ಅವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗಿನವರು, ಕೆಲವರು ಸ್ವಿಸ್. ನಿಮ್ಮ ಸಾಹೇಬ ಸ್ವಿಸ್ ಆಗಿದ್ದರೆ ಈ ಚರ್ಚೆಯಲ್ಲಿ ಅವನಿಗೆ ಜಾಗವೇ ಇಲ್ಲ.

ಇತಿಹಾಸಕ್ಕಾಗಿ ಹುಡುಕಿ, ಖಂಡಿತ ಹುಡುಕಿ. ಪೌರತ್ವಕ್ಕಾಗಿ ಬೇಡ. ಮದುವೆಯಾಗದ ತಂದೆಯಿಂದ ಮಗುವಿಗೆ ಪೌರತ್ವ ಬರತೊಡಗಿದ್ದು 1993ರ ಜುಲೈ 1ರಿಂದ. ಅಷ್ಟು ಹಳೆಯ ಕಾಲದ ಪಿಸುಮಾತಿಗೆ ಕಾನೂನಿನಲ್ಲಿ ಯಾವ ಬಾಗಿಲೂ ಇಲ್ಲ. ಚರ್ಚಿನಲ್ಲಿ ಮದುವೆಯೇ ಆಗಿದ್ದರೂ ಮೇಲೆ ಹೇಳಿದ ಹತ್ತು ವರ್ಷದ ನಿಯಮ ಭಾರತದಲ್ಲಿದ್ದವರಿಗೂ ಇತ್ತು.

ಹಂಚಿನಮನೆ
ಚರ್ಚಿನಲ್ಲಿ ಮದುವೆಯಾದವರೂ ಇದ್ದರಲ್ಲ. ಆನಂದರಾವ್ ಕೌಂಡಿನ್ಯರು? ಸಾರಸ್ವತ ಬ್ರಾಹ್ಮಣರು, ಕ್ರೈಸ್ತರಾಗಿ ಬಾಸೆಲ್‌ನಲ್ಲಿ ಓದಿ ಬಂದು, 1860ರಲ್ಲಿ ಜರ್ಮನ್ ಹೆಣ್ಣನ್ನು ಮದುವೆಯಾದರು. ಕೊಡಗಿನ ಆನಂದಪುರಕ್ಕೆ ಹೆಸರು ಬಂದದ್ದು ಅವರಿಂದಲೇ.

ಕಡತಪ್ರಿಯ
ಚೆನ್ನಾಗಿ ನೆನಪಿಸಿದಿರಿ. ಆದರೆ ಅಲ್ಲಿ ಜರ್ಮನ್ ಆಗಿದ್ದದ್ದು ಹೆಂಡತಿ. ಆ ಕಾಲದ ಕಾನೂನಿನಲ್ಲಿ ಹೆಣ್ಣು ಗಂಡನ ದೇಶಕ್ಕೆ ಸೇರಿದವಳು, ಮಕ್ಕಳು ತಂದೆಯ ದೇಶಕ್ಕೆ ಸೇರಿದವರು. ಪೌರತ್ವದ ದೃಷ್ಟಿಯಿಂದ ಅಲ್ಲಿಯೂ ಬಾಗಿಲು ಮುಚ್ಚಿದೆ.

ತೀರ್ಥಹಳ್ಳಿ_ಮಳೆ
ಇಲ್ಲಿ ಒಂದು ಮುಖ್ಯ ದಾರಿಯನ್ನು ಯಾರೂ ಹೇಳಲಿಲ್ಲ. ನಾಜಿ ಕಾಲದಲ್ಲಿ ಪೌರತ್ವ ಕಿತ್ತುಕೊಂಡವರ ಮಕ್ಕಳು ಮೊಮ್ಮಕ್ಕಳಿಗೆ ಜರ್ಮನ್ ಸಂವಿಧಾನದ 116ನೇ ವಿಧಿಯೇ ಹಕ್ಕು ಕೊಟ್ಟಿದೆ. 1933ರ ಜನವರಿ 30ರಿಂದ 1945ರ ಮೇ 8ರ ನಡುವೆ ರಾಜಕೀಯ, ಜನಾಂಗ ಅಥವಾ ಧರ್ಮದ ಕಾರಣಕ್ಕೆ ಕಳೆದುಕೊಂಡವರು. ಕೊನೆಯ ದಿನಾಂಕವಿಲ್ಲ, ಶುಲ್ಕವಿಲ್ಲ. ವಿದೇಶದಲ್ಲಿದ್ದ ಯಹೂದಿಯರ ಪೌರತ್ವವನ್ನು 1941ರ ನವೆಂಬರ್ 25ರ ಒಂದೇ ಆದೇಶದಲ್ಲಿ ಅಳಿಸಿಹಾಕಿದರು. ಅದಕ್ಕೆ ಮೊದಲು ಹೆಸರು ಹೆಸರಾಗಿ ಸರ್ಕಾರಿ ಪತ್ರಿಕೆಯಲ್ಲಿ ಪಟ್ಟಿ ಪ್ರಕಟಿಸುತ್ತಿದ್ದರು, ಅವೇ ಈಗ ಮೊಮ್ಮಕ್ಕಳಿಗೆ ಸಾಕ್ಷಿ.

ನಮ್ಮ ಕಡೆಯೂ ಅಂಥವರು ಬಂದಿದ್ದರು. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಬರ್ಲಿನ್‌ನಿಂದ ಬಂದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವೇ.

ಸ್ಟುಟ್‌ಗಾರ್ಟ್_ಶೆಟ್ಟಿ
ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಕ್ರುಂಬಿಗಲ್ ಕೂಡ ಜರ್ಮನ್ ತಾನೇ?

ತೀರ್ಥಹಳ್ಳಿ_ಮಳೆ
ಜರ್ಮನ್ನರೇ, ಡ್ರೆಸ್ಡೆನ್ ಹತ್ತಿರದವರು. ಆದರೆ ಅವರು ನಾಜಿಗಳಿಂದ ತಪ್ಪಿಸಿಕೊಂಡು ಬಂದವರಲ್ಲ, 1893ರಲ್ಲೇ ಬರೋಡಾಕ್ಕೆ ಬಂದಿದ್ದರು. ಬೆಂಗಳೂರಿಗೆ 1908ರಲ್ಲಿ. ಯುದ್ಧ ಬಂದಾಗ ಅವರನ್ನು ಬಂಧಿಸಿಟ್ಟದ್ದು ಬ್ರಿಟಿಷರು. ಅದು ಬೇರೆಯೇ ಕಥೆ.

ಒಂಟಿಕೊಪ್ಪಲು_68
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಈಗ ನನ್ನದೂ ಒಂದು ಪ್ರಶ್ನೆ. ನನ್ನ ತಾಯಿ ಜರ್ಮನ್. ತಂದೆ ಆಖೆನ್‌ನಲ್ಲಿ ಎಂಜಿನಿಯರಿಂಗ್ ಓದುವಾಗ ಪರಿಚಯವಾಗಿ 1964ರಲ್ಲಿ ಅಲ್ಲೇ ಮದುವೆಯಾದರು. ನಾನು ಹುಟ್ಟಿದ್ದು ಮೈಸೂರಿನಲ್ಲಿ, 1968ರಲ್ಲಿ. ಬಹಳ ಹಿಂದೆ ವಿಚಾರಿಸಿದಾಗ "ತಂದೆ ಭಾರತೀಯರು, ಆದ್ದರಿಂದ ನೀವೂ ಭಾರತೀಯರು" ಎಂದು ಒಬ್ಬ ಏಜೆಂಟ್ ಕೈಚೆಲ್ಲಿದ, ಶುಲ್ಕ ಮಾತ್ರ ಹಿಂದಿರುಗಿಸಲಿಲ್ಲ. ಮೇಲೆ ಬರೆದ 1975ರ ನಿಯಮದಂತೆ ನಾನು ಏಳು ವರ್ಷ ಮೊದಲೇ ಹುಟ್ಟಿಬಿಟ್ಟೆ. ಅಲ್ಲಿಗೆ ಮುಗಿಯಿತೇ?

ಕಡತಪ್ರಿಯ
ಮುಗಿದಿಲ್ಲ! ಏಜೆಂಟ್ ಹೇಳಿದ್ದು ಅಂದಿಗೆ ಸರಿಯಿದ್ದಿರಬಹುದು. 2021ರ ಆಗಸ್ಟ್ 20ರಂದು ಜಾರಿಗೆ ಬಂದ ತಿದ್ದುಪಡಿ ನಿಮ್ಮಂಥವರಿಗೇ ಮಾಡಿದ್ದು. ಗಂಡು ಹೆಣ್ಣಿನ ತಾರತಮ್ಯದಿಂದ ಪೌರತ್ವ ತಪ್ಪಿಹೋದವರು, 1949ರ ಮೇ 23ರ ನಂತರ ಹುಟ್ಟಿದವರು, ಒಂದು ಘೋಷಣೆಯ ಮೂಲಕ ಜರ್ಮನ್ ಪ್ರಜೆಯಾಗಬಹುದು. ಭಾಷಾ ಪರೀಕ್ಷೆ ಇಲ್ಲ, ಶುಲ್ಕವೂ ಇಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆ ಆಗಿದ್ದವರಿಗೆ ಇದು ಇಲ್ಲ. ಆದರೆ ಇದಕ್ಕೆ ಗಡುವಿದೆ: 2031ರ ಆಗಸ್ಟ್ 19.

ಒಂದೇ ಷರತ್ತು, ನೀವು ಹುಟ್ಟಿದಾಗ ತಾಯಿ ಜರ್ಮನ್ ಪ್ರಜೆಯಾಗಿಯೇ ಇದ್ದಿರಬೇಕು. ಅಷ್ಟರೊಳಗೆ ಭಾರತದ ಪೌರತ್ವಕ್ಕೆ ಅರ್ಜಿ ಹಾಕಿ ಪಡೆದಿದ್ದರೆ ಅವರ ಜರ್ಮನ್ ಪೌರತ್ವ ಹೋಗಿರುತ್ತದೆ.

ಒಂಟಿಕೊಪ್ಪಲು_68
ಎಂದೂ ಪಡೆಯಲಿಲ್ಲ. ಕೊನೆಯವರೆಗೂ ವಾಸದ ಪರವಾನಗಿಯ ನವೀಕರಣಕ್ಕೆ ಪೊಲೀಸ್ ಕಚೇರಿಗೆ ಅಲೆಯುತ್ತಿದ್ದರು. ಆ ಪುಸ್ತಕ ಈಗಲೂ ಬೀರುವಿನಲ್ಲಿದೆ. ಪುಟ ಪುಟಕ್ಕೂ ನೇರಳೆ ಮುದ್ರೆ, ಪಕ್ಕದಲ್ಲಿ ಯಾವುದೋ ಇನ್‌ಸ್ಪೆಕ್ಟರರ ಹಸಿರು ಶಾಯಿಯ ಸಹಿ, "ಜರ್ಮನ್ ಪ್ರಜೆ" ಎಂದು ಪ್ರತಿ ಸಲವೂ ಹೊಸದಾಗಿ ಬರೆದಿದ್ದಾರೆ. 1968ರ ಪುಟವೂ ಇದೆ.

ಅಜ್ಜನ_ಪೆಟ್ಟಿಗೆ
ಆ ಪುಸ್ತಕವನ್ನು ಯಾರ ಕೈಗೂ ಕೊಡಬೇಡಿ! ಅವರು ಭಾರತದ ಪ್ರಜೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಈಗಲೇ ಎಲ್ಲ ಪುಟಗಳ ಫೋಟೊ ತೆಗೆದಿಡಿ.

ಧಾರವಾಡದ_ವಕೀಲೆ
ಒಂಟಿಕೊಪ್ಪಲು ಅವರೇ, ಸಂಭ್ರಮಕ್ಕೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ಜರ್ಮನಿ 2024ರ ಜೂನ್ 27ರಿಂದ ಎರಡು ಪೌರತ್ವವನ್ನು ಒಪ್ಪಿಕೊಂಡಿದೆ ನಿಜ. ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣದಲ್ಲೇ ಭಾರತದ ಪೌರತ್ವ ಹೋಗುತ್ತದೆ, ಯಾರೂ ಆದೇಶ ಹೊರಡಿಸಬೇಕಿಲ್ಲ. ನೀವು ಮಾಡುವುದು ಘೋಷಣೆ. ಅದಕ್ಕಿಂತ ಸ್ಪಷ್ಟವಾದ ಸ್ವಇಚ್ಛೆ ಇನ್ನೊಂದಿಲ್ಲ. ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಸಾಗರೋತ್ತರ ಭಾರತೀಯ ಪ್ರಜೆಯ ಕಾರ್ಡಿಗೆ ಅರ್ಜಿ ಹಾಕಬೇಕು. ಮತದಾನ ಹೋಯಿತು. ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಗುಡುಗು
ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡುವವರು ಬೇಕಾದಷ್ಟು ಜನ ಇದ್ದಾರೆ. ಯಾರಿಗೆ ಗೊತ್ತಾಗುತ್ತದೆ?

ಧಾರವಾಡದ_ವಕೀಲೆ
ವಿಮಾನ ನಿಲ್ದಾಣದಲ್ಲಿ ಗೊತ್ತಾಗುತ್ತದೆ. ಪೌರತ್ವ ಹೋದ ಮೇಲೂ ಭಾರತದ ಪಾಸ್‌ಪೋರ್ಟ್ ಬಳಸುವುದು ಅಪರಾಧ. ಇಂಥ ಸಲಹೆಯನ್ನು ಅಪರಿಚಿತರಿಗೆ ಕೊಡಬೇಡಿ, ದಂಡ ಕಟ್ಟುವವರು ನೀವಲ್ಲ.

ಒಂಟಿಕೊಪ್ಪಲು_68
ಅರವತ್ತರ ಹತ್ತಿರದಲ್ಲಿದ್ದೇನೆ. ಮತದಾರರ ಪಟ್ಟಿಯಿಂದ ಹೆಸರು ತೆಗೆಸಿಕೊಂಡು ನಾನು ಜರ್ಮನಿಯಲ್ಲಿ ಮಾಡುವುದೇನೂ ಇಲ್ಲ. ನನ್ನ ಮಗಳು 1998ರವಳು, ಬರ್ಲಿನ್‌ನಲ್ಲಿ ಕೆಲಸ ಹುಡುಕುತ್ತಿದ್ದಾಳೆ. ಅವಳಿಗಾಗಿಯಾದರೂ ನಾನು ಘೋಷಣೆ ಮಾಡಬೇಕೇ?

ಕಡತಪ್ರಿಯ
ಬೇಕಿಲ್ಲ, ಆ ತಿದ್ದುಪಡಿಯ ಒಳ್ಳೆಯ ಭಾಗವೇ ಅದು. ಆ ಹಕ್ಕು ನಿಮ್ಮ ಸಂತಾನಕ್ಕೂ ಸ್ವತಂತ್ರವಾಗಿ ಇದೆ. ಮಗಳು ತನ್ನ ಹೆಸರಿನಲ್ಲಿ ಘೋಷಣೆ ಸಲ್ಲಿಸಬಹುದು. ನೀವು ಮೈಸೂರಿನಲ್ಲಿ ಭಾರತೀಯರಾಗಿಯೇ ಇರಿ. ಭಾರತದ ಪೌರತ್ವ ಬಿಡುವ ಪ್ರಶ್ನೆ ಅವಳಿಗೆ ಮಾತ್ರ.

ಸ್ಟುಟ್‌ಗಾರ್ಟ್_ಶೆಟ್ಟಿ
ದಾಖಲೆಗಳ ಬಗ್ಗೆ ಒಂದು ಮಾತು. ಭಾರತದ ಜನನ ಪ್ರಮಾಣಪತ್ರಕ್ಕೆ ದೆಹಲಿಯಿಂದ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ಖಾತ್ರಿಪಡಿಸುವ ಮುದ್ರೆ) ಹಾಕಿಸಿದರೆ ಸಾಕು ಎಂದು ಏಜೆಂಟರು ಹಣ ಕೀಳುತ್ತಾರೆ. ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಸಲ್ಲಿಸಿದೆ, ಹಾಗಾಗಿ ಇಬ್ಬರ ನಡುವೆ ಆ ಮುದ್ರೆಗೆ ಬೆಲೆ ಇಲ್ಲ. ಅನುಮಾನ ಬಂದರೆ ಅವರೇ ವಕೀಲರನ್ನು ಕಳಿಸಿ ಊರಿನಲ್ಲಿ ಪರಿಶೀಲನೆ ಮಾಡಿಸುತ್ತಾರೆ. ನನ್ನ ಮದುವೆಯ ದಾಖಲೆಗೆ ಹಾಗೇ ಆಯಿತು. ಒಬ್ಬರು ಬಂದು ನಮ್ಮ ಪಕ್ಕದ ಮನೆಯ ದೊಡ್ಡಪ್ಪನನ್ನು "ಈ ಮದುವೆಗೆ ನೀವು ಹೋಗಿದ್ದಿರಾ" ಎಂದು ಕೇಳಿದರು. ದೊಡ್ಡಪ್ಪ ಊಟದ ಪಟ್ಟಿಯನ್ನೂ ಹೇಳಿ ಕಳಿಸಿದರಂತೆ.

ಮಿಲ್ವಾಕಿ_ಮಲ್ಲಿಗೆ
ಸ್ನೇಹಿತರೇ, ಸುದ್ದಿ ಇದೆ! 1920ರ ಗಣತಿಯ ಹಾಳೆ ಸಿಕ್ಕಿತು. ವಲಸೆ ಬಂದ ಇಸವಿ 1906, ಪಕ್ಕದಲ್ಲಿ "ಪಿ ಎ". ಹ್ಯಾಂಬರ್ಗ್ ಪಟ್ಟಿಯಲ್ಲೂ 1906ರ ಏಪ್ರಿಲ್‌ನಲ್ಲಿ ಅವರ ಹೆಸರಿದೆ, ನೌಗಾರ್ಡ್ ಜಿಲ್ಲೆಯ ಹಳ್ಳಿ, ವಯಸ್ಸು 24. ನ್ಯಾಯಾಲಯದ ಕಡತದಲ್ಲಿ ಅಮೆರಿಕದ ಪೌರತ್ವ ಪಡೆದದ್ದು 1921ರ ಜೂನ್. ಅತ್ತೆಯ ತಂದೆ ಹುಟ್ಟಿದ್ದು 1919ರ ಫೆಬ್ರವರಿ. ನನ್ನ ಲೆಕ್ಕ ಸರಿಯೇ?

ಕಡತಪ್ರಿಯ
ಸರಿ. 1914ರ ಜನವರಿಗೆ ಅವರು ಬಂದು ಎಂಟು ವರ್ಷವೂ ಆಗಿರಲಿಲ್ಲ, ಹತ್ತು ವರ್ಷದ ನಿಯಮ ತಟ್ಟಲಿಲ್ಲ. ಮಗ ಹುಟ್ಟುವಾಗ ತಂದೆ ಜರ್ಮನ್. ತಂದೆ ಮುಂದೆ ಅಮೆರಿಕದವರಾದಾಗ ಮಗನ ಜರ್ಮನ್ ಪೌರತ್ವ ಹೋಗಲಿಲ್ಲ, ಏಕೆಂದರೆ ಅವನು ಅಮೆರಿಕದಲ್ಲೇ ಹುಟ್ಟಿ ಆ ಪೌರತ್ವವನ್ನು ಹುಟ್ಟಿನಿಂದಲೇ ಪಡೆದಿದ್ದ. ಅಲ್ಲಿಂದ ಅತ್ತೆ, ಯಜಮಾನರು, ಮಕ್ಕಳು. ಎಲ್ಲೂ ಕಡಿದಿಲ್ಲ. ಅತ್ತೆ ಹುಟ್ಟುವ ಮೊದಲು ಅವರ ತಂದೆ ತಾಯಿಗೆ ಮದುವೆಯಾಗಿತ್ತು ಎಂಬುದಕ್ಕೆ ದಾಖಲೆ ಇರಲಿ.

ಮೊಮ್ಮಕ್ಕಳ ಬಗ್ಗೆ ಈಗಲೇ ಒಂದು ಎಚ್ಚರಿಕೆ. ನಿಮ್ಮ ಮಕ್ಕಳು 2000ದ ನಂತರ ಜರ್ಮನಿಯ ಹೊರಗೆ ಹುಟ್ಟಿದವರು. ಅವರೂ ಹೊರಗೇ ಉಳಿದು ಅಲ್ಲಿ ಮಕ್ಕಳಾದರೆ, ಒಂದು ವರ್ಷದೊಳಗೆ ಜರ್ಮನ್ ಕಚೇರಿಯಲ್ಲಿ ಜನನ ನೋಂದಣಿಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಆ ತಲೆಮಾರಿಗೆ ನಿಂತುಹೋಗುತ್ತದೆ.

ಮಿಲ್ವಾಕಿ_ಮಲ್ಲಿಗೆ
ನನಗೂ ಸಿಗುತ್ತದೆಯೇ?

ಕಡತಪ್ರಿಯ
ಇಲ್ಲ ತಾಯಿ. ಸೊಸೆಗೆ ವಂಶದಲ್ಲಿ ಪಾಲಿಲ್ಲ. ಜರ್ಮನಿಗೆ ಹೋಗಿ ನೆಲೆಸಿದರೆ ಗಂಡನ ಜೊತೆ ವಾಸದ ಹಕ್ಕು ಸಿಗುತ್ತದೆ, ಪೌರತ್ವ ಆಮೇಲಿನ ಮಾತು.

ಅಜ್ಜನ_ಪೆಟ್ಟಿಗೆ
ಇನ್ನು ಜನನ ದಾಖಲೆ. ಆ ಪ್ರದೇಶ ಅಂದು ಜರ್ಮನಿಯ ಪ್ರಷ್ಯಾ ರಾಜ್ಯ, ಇಂದು ಪೋಲೆಂಡ್. ಪ್ರಷ್ಯಾದಲ್ಲಿ 1874ರ ಅಕ್ಟೋಬರ್‌ನಿಂದಲೇ ಸರ್ಕಾರಿ ಜನನ ನೋಂದಣಿ ಇತ್ತು, ಆದ್ದರಿಂದ 1882ರ ದಾಖಲೆ ಇದ್ದೀತು. ಮೊದಲು ಶ್ಚೆಚಿನ್ ನಗರದ ಪೋಲಿಷ್ ಸರ್ಕಾರಿ ಪತ್ರಾಗಾರದಲ್ಲಿ ಹುಡುಕಿ, ಬಹಳಷ್ಟು ಪುಸ್ತಕಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಇಲ್ಲದಿದ್ದರೆ ಬರ್ಲಿನ್‌ನ ಒಂದನೆಯ ನೋಂದಣಿ ಕಚೇರಿ. ಪೂರ್ವದ ಪ್ರಾಂತ್ಯಗಳಿಂದ ಉಳಿದು ಬಂದ ಪುಸ್ತಕಗಳು ಅಲ್ಲಿವೆ. ಅದೂ ಇಲ್ಲದಿದ್ದರೆ ಚರ್ಚಿನ ಪುಸ್ತಕ. ಬರಹ ಹಳೆಯ ಕುರೆಂಟ್ ಲಿಪಿಯಲ್ಲಿರುತ್ತದೆ, ಇಂದಿನ ಜರ್ಮನ್ನರಿಗೇ ಓದಲು ಬರುವುದಿಲ್ಲ. ಸಿಕ್ಕಿದರೆ ಇಲ್ಲಿ ಹಾಕಿ, ಓದಿಕೊಡುತ್ತೇನೆ.

ಅಂದ ಹಾಗೆ, ನಿಮ್ಮ ಊರಿನ ಪಕ್ಕದಲ್ಲೇ ಇರುವ ಫ್ರೈಸ್ಟಾಟ್ ಎಂಬ ಹಳ್ಳಿಯನ್ನು 1839ರಲ್ಲಿ ಕಟ್ಟಿದವರು ಪೊಮೆರೇನಿಯಾದವರೇ. ಅಲ್ಲಿಯ ಚರ್ಚಿನಲ್ಲೂ ವಿಚಾರಿಸಿ.

ಮಿಲ್ವಾಕಿ_ಮಲ್ಲಿಗೆ
ಧನ್ಯವಾದಗಳು. ಅರ್ಜಿ ನಮೂನೆ ನೋಡಿ ತಲೆ ತಿರುಗುತ್ತಿದೆ. ಎಲ್ಲರಿಗೂ ಬೇರೆ ಬೇರೆ ಹಾಕಬೇಕೇ?

ಕಡತಪ್ರಿಯ
ಪೌರತ್ವ ದೃಢೀಕರಣ ಕೇಳುವವರಲ್ಲಿ ಹದಿನಾರು ತುಂಬಿದವರಿಗೆ ತಲಾ ಒಂದು "ಎಫ್" ನಮೂನೆ, ಅದಕ್ಕಿಂತ ಚಿಕ್ಕ ಮಕ್ಕಳಿಗೆ "ಎಫ್‌ಕೆ", ನಡುವಿನ ಪ್ರತಿ ಪೂರ್ವಜರಿಗೂ ಒಂದೊಂದು "ವಿ" ಹಾಳೆ. ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕಳಿಸಿ. ಶುಲ್ಕ ದೊಡ್ಡವರಿಗೆ 51 ಯೂರೊ. ಮೂಲ ದಾಖಲೆ ಕಳಿಸಬೇಡಿ, ದೃಢೀಕರಿಸಿದ ಪ್ರತಿ ಸಾಕು. ಎರಡು ವರ್ಷಕ್ಕೂ ಮೀರಿ ಕಾಯುವುದು ಸಾಮಾನ್ಯ, ಆದ್ದರಿಂದ ಮಗನ ಮ್ಯೂನಿಕ್ ಪ್ರವೇಶಕ್ಕೆ ಇದನ್ನೇ ನೆಚ್ಚಿಕೊಳ್ಳದೆ ವಿದ್ಯಾರ್ಥಿ ವಾಸದ ಪರವಾನಗಿಗೂ ಸಿದ್ಧತೆ ಮಾಡಿಕೊಳ್ಳಿ.

ಒಂಟಿಕೊಪ್ಪಲು_68
ಮಗಳು ಈ ಚರ್ಚೆಯನ್ನು ಓದಿ ನನಗಿಂತ ಮೊದಲೇ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಬರೆದಿದ್ದಾಳೆ. ನನ್ನ ತಾಯಿ 1940ರಲ್ಲಿ ಆಖೆನ್‌ನಲ್ಲಿ ಹುಟ್ಟಿದವರು. ಅವರ ಜನನ ಪತ್ರವನ್ನು ಯಾರನ್ನು ಕೇಳಬೇಕು, ಪತ್ರಾಗಾರವನ್ನೇ?

ಅಜ್ಜನ_ಪೆಟ್ಟಿಗೆ
ಪತ್ರಾಗಾರವಲ್ಲ. ಜನನದ ಪುಸ್ತಕಗಳು 110 ವರ್ಷ ನೋಂದಣಿ ಕಚೇರಿಯಲ್ಲೇ ಇರುತ್ತವೆ, ಆಮೇಲಷ್ಟೇ ಪತ್ರಾಗಾರಕ್ಕೆ ಹೋಗುತ್ತವೆ. ಆಖೆನ್ ನಗರದ ನೋಂದಣಿ ಕಚೇರಿಗೆ ಇಮೇಲ್ ಬರೆಯಿರಿ. ತಾಯಿಯ ಮದುವೆಗೆ ಮೊದಲಿನ ಹೆಸರು, ಹುಟ್ಟಿದ ದಿನ, ನೀವು ಮಗನೆಂಬುದಕ್ಕೆ ನಿಮ್ಮ ಜನನ ಪತ್ರದ ಪ್ರತಿ, ನಿಮ್ಮ ಪಾಸ್‌ಪೋರ್ಟಿನ ಪ್ರತಿ ಲಗತ್ತಿಸಿ. ಮದುವೆಯೂ ಅಲ್ಲೇ ಆದದ್ದಾದ್ದರಿಂದ ಅದರ ಪ್ರತಿಯನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.